ತೊಂಬತ್ತಾರೋ, ನೂರೋ?

ಹೈದರಾಬಾದಿನಲ್ಲಿ ಅಪಾರ್ಟ್‌ಮೆಂಟ್ ವಾಸ ಮಾಡಿದವರಿಗೆ ಸೆಲ್ಲಾರ್ ಗೊತ್ತೇ ಇರುತ್ತದೆ. ಕಾರು ನಿಲ್ಲುವ ಆ ನೆಲಮಾಳಿಗೆಯ ಮೂಲೆಯಲ್ಲಿ ಸಂಪು, ಪಕ್ಕದಲ್ಲಿ ಮೋಟರು. ಮಂಜೀರಾ ನೀರೋ, ಕೃಷ್ಣಾ ನೀರೋ, ಟ್ಯಾಂಕರಿನದೋ, ಯಾವುದಾದರೂ ಸರಿ, ಮಹಡಿ ಹತ್ತಬೇಕಾದರೆ ಅದು ತಿರುಗಲೇಬೇಕು. ಏಪ್ರಿಲ್‌ನಲ್ಲಿ ಅದರ ದನಿ ಬದಲಾದರೆ ವಾಟ್ಸ್‌ಆಪ್ ಗುಂಪಿನಲ್ಲಿ ಗಲಾಟೆ ಶುರು. ಮೆಕ್ಯಾನಿಕ್ ಬಂದು ಕೈಯಿಟ್ಟು ನೋಡಿ "ಬೇರಿಂಗ್ ಹೋಗಿದೆ" ಅನ್ನುತ್ತಾನೆ. ಹೋಗಿರಲೂಬಹುದು. ಆದರೆ ದುಡ್ಡು ಎಣಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಮೋಟರು ಈಗ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ?

ಬಿಚ್ಚದೆ, ಶಾಫ್ಟು ಕಣ್ಣಿಗೆ ಬೀಳದೆ, ಅದರ ಮೈನಡುಕದಿಂದಲೇ ಇದನ್ನು ಲೆಕ್ಕ ಹಾಕಬಹುದು. ತಿರುಗುವ ಯಾವ ಯಂತ್ರವೂ ಪೂರ್ತಿ ಸಮತೋಲದಲ್ಲಿರುವುದಿಲ್ಲ. ಒಂದು ಬದಿ ಚೂರು ಭಾರ, ಹಾಗಾಗಿ ಸುತ್ತಿಗೊಂದು ಕುಲುಕು. ಸೆಕೆಂಡಿಗೆ 48 ಕುಲುಕು, ಅಂದರೆ 48 ಹರ್ಟ್ಝ್ ಕಂಡರೆ ಅದನ್ನು 60ರಿಂದ ಗುಣಿಸಿ: ನಿಮಿಷಕ್ಕೆ 2880 ಸುತ್ತು.

ಈ 48 ಎಲ್ಲಿಂದ ಬಂತು? ನಮ್ಮ ವಿದ್ಯುತ್ತು 50 ಹರ್ಟ್ಝಿನದು. ರಾಮಗುಂಡಂನ ಟರ್ಬೈನೂ ರಾಯಚೂರಿನ ಶಕ್ತಿನಗರದ್ದೂ ನಿಮಿಷಕ್ಕೆ 3000 ಸುತ್ತಿನಲ್ಲಿ, ಒಂದೇ ತಾಳಕ್ಕೆ ತಿರುಗುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶಕ್ಕೆ ಬೆಸೆದ ಮೇಲೆ ಆ ತಾಳ ಇಡೀ ದೇಶದ್ದು. (ನಮ್ಮ ರಾಯಚೂರು ಇದರಲ್ಲಿದೆ ಎಂದು ನನಗೆ ತುಸು ಹೆಮ್ಮೆ, ಇರಲಿ.) ಸೆಲ್ಲಾರಿನ ಮೋಟರು ಮಾತ್ರ ಆ ತಾಳಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಇಂಡಕ್ಷನ್ ಮೋಟರಿನ ಜಾಯಮಾನವೇ ಹಾಗೆ, ಹಿಂದೆ ಬೀಳದಿದ್ದರೆ ಅದಕ್ಕೆ ಎಳೆಯುವ ಬಲವೇ ಹುಟ್ಟುವುದಿಲ್ಲ. ಹೊರೆ ಹೆಚ್ಚಿದಷ್ಟೂ ಹಿನ್ನಡೆ ಹೆಚ್ಚು.

ಮಜಾ ಇರುವುದು ಈ ಎರಡು ಹರ್ಟ್ಝಿನ ಹಿನ್ನಡೆಯಲ್ಲೇ. ಪಂಪಿಗೂ ಮೋಟರಿಗೂ ನಡುವಿನ ಜೋಡಣೆ ವಾರೆಯಾಗಿದ್ದರೆ ನಡುಕ ವೇಗದ ಎರಡರಷ್ಟಕ್ಕೆ, ಅಂದರೆ 96ಕ್ಕೆ ಬರುತ್ತದೆ. ದೋಷ ವಿದ್ಯುತ್ತಿನ ಕಡೆಯದಾದರೆ, ಕಾಯಿಲ್ ಸಡಿಲವೋ, ಒಳಗಿನ ಗಾಳಿಯ ಸಂದು ಅಸಮವೋ ಆಗಿದ್ದರೆ, ಅಯಸ್ಕಾಂತದ ಸೆಳೆತ 100ಕ್ಕೆ ಗುಂಯ್‌ಗುಡುತ್ತದೆ. ಬೇರಿಂಗಿನ ದನಿ ಎರಡೂ ಅಲ್ಲ. ಹೊರಬಳೆ ಸವೆದಿದ್ದರೆ ಗುಂಡುಗಳ ಸಂಖ್ಯೆಯನ್ನು 0.4ರಿಂದ, ಮತ್ತೆ ವೇಗದಿಂದ ಗುಣಿಸಿ. ಎಂಟು ಗುಂಡಿದ್ದರೆ ಸುಮಾರು 154 ಹರ್ಟ್ಝ್. ವೇಗ ತಿಳಿಯದೆ ಈ ಮೂರನ್ನು ಬೇರೆ ಮಾಡುವುದು ಊಹೆಯ ಕೆಲಸ.

ಫೋನಿನಲ್ಲಿ ಇದನ್ನು ನೋಡಲು ಆ್ಯಪ್‌ಗಳಿವೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದ ಫೈಫಾಕ್ಸ್ ಉಚಿತ, ಚೆನ್ನಾಗಿದೆ. ಆದರೆ ಎಚ್ಚರ. ಫೋನಿನ ಕಂಪನ ಸಂವೇದಕ ಸೆಕೆಂಡಿಗೆ 200 ಸಲ ಅಳೆಯುತ್ತದೆ ಅಂತಿಟ್ಟುಕೊಳ್ಳಿ. ಅದಕ್ಕೆ ಸರಿಯಾಗಿ ಕಾಣುವುದು 100 ಹರ್ಟ್ಝಿಗಿಂತ ಕೆಳಗಿನದು ಮಾತ್ರ. ಪಂಪಿನ ಐದು ರೆಕ್ಕೆಗಳು ನೀರನ್ನು ಹೊಡೆಯುವ 240 ಹರ್ಟ್ಝಿನ ನಡುಕ ಅಲ್ಲಿ 40 ಆಗಿ ವೇಷ ಹಾಕಿ ಬರಬಹುದು, ನೀವು ವೇಗ 2400 ಎಂದು ಬರೆದುಕೊಳ್ಳುತ್ತೀರಿ. ಸಿನಿಮಾದಲ್ಲಿ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಅದಕ್ಕೇ ಇಲ್ಲಿ ಮೈಕ್ ವಾಸಿ. ಅದು ಸೆಕೆಂಡಿಗೆ 44,100 ಸಲ ಅಳೆಯುತ್ತದೆ.

ಇನ್ನೊಂದು ವಿಷಯ ತಾಳ್ಮೆಯದು. ಒಂದು ಸೆಕೆಂಡು ಅಳೆದರೆ ಲೆಕ್ಕ ಒಂದು ಹರ್ಟ್ಝ್, ಅಂದರೆ 60 ಸುತ್ತಿನಷ್ಟು ಮಸುಕು. ಹತ್ತು ಸೆಕೆಂಡು ಅಳೆದರೆ ಆ ಮಸುಕು ಆರು ಸುತ್ತಿಗೆ ಇಳಿಯುತ್ತದೆ. ಅಷ್ಟು ಹೊತ್ತು ಹೊರೆ ಬದಲಾಗಬಾರದು, ಯಾರೂ ವಾಲ್ವ್ ತಿರುಗಿಸಬಾರದು.

ಫೋನೂ ಬೇಡ ಅನ್ನುವವರಿಗೆ ಹಳೆಯ ಮೆಕ್ಯಾನಿಕ್‌ಗಳ ಪರೀಕ್ಷೆ ಇದೆ, ನನಗೆ ಇದೇ ಇಷ್ಟ. ಸ್ಕ್ರೂಡ್ರೈವರಿನ ತುದಿಯನ್ನು ತಿರುಗುವ ಭಾಗದಿಂದ ದೂರ, ಮೋಟರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಕೊಡಿ. ಇನ್ನೊಬ್ಬರಿಗೆ ಸ್ವಿಚ್ ಆರಿಸಲು ಹೇಳಿ. ಗುಂಯ್ ಅನ್ನುವುದು ತಟ್ಟನೆ ಸತ್ತರೆ ಅದು ವಿದ್ಯುತ್ತಿನದು. ಮೋಟರು ನಿಧಾನವಾಗುತ್ತಾ ಹೋದಂತೆ ತಾನೂ ತಗ್ಗುತ್ತಾ ಇಳಿದರೆ ಯಂತ್ರದ್ದು. ಮೊದಲನೆಯದಾದರೆ ವೈಂಡಿಂಗ್ ಮಾಡುವವನನ್ನು ಕರೆಸಿ, ಬೇರಿಂಗಿನ ಬಿಲ್ಲಿಗೆ ಸದ್ಯ ಸಹಿ ಹಾಕಬೇಡಿ.