ಷಟರ್ ಬದಲಿಸುವ ಲೆಕ್ಕ

ಮಕ್ಕಳೇ, ಈ ವಾರ ಚೆಕ್ಕಿಗೆ ಎರಡು ಗೆರೆ ಏಕೆ ಎಳೆಯುತ್ತಾರೆಂದು ಹೇಳುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ನಮ್ಮ ಮನೆಯಲ್ಲಿ ಒಂದು ನೀರಿನ ಬಾಟಲಿ ಸೊಟ್ಟಗಾಗಿದೆ. ಅದರ ವಿಷಯ ಮೊದಲು ಹೇಳಬೇಕು.

ದಸರಾ ರಜಕ್ಕೆ ಮಗಳು, ಮೊಮ್ಮಗಳು ಪುಟ್ಟಿ ಅರಸೀಕೆರೆಗೆ ಬಂದಿದ್ದರು. ನಮ್ಮ ಕಾರ್ ಷೆಡ್ಡು ಹಿಂದೆ ದನದ ಕೊಟ್ಟಿಗೆಯಾಗಿತ್ತು. ಅಮೆರಿಕದಲ್ಲಿರುವ ಮಗ 2013ರಲ್ಲಿ ಅದಕ್ಕೆ ಮೋಟಾರ್ ಇರುವ ರೋಲಿಂಗ್ ಷಟರ್ ಹಾಕಿಸಿಕೊಟ್ಟ. ರಿಮೋಟ್ ಒತ್ತಿದರೆ ಏಳುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಇಳಿಯುತ್ತದೆ. ಪುಟ್ಟಿಗೆ ಎಂಟು ವರ್ಷ. ಇಳಿಯುವ ಗುಂಡಿ ಒತ್ತಿ, ಷಟರ್ ಅರ್ಧಕ್ಕೆ ಬಂದಾಗ ಅಡಿಯಲ್ಲಿ ನುಸುಳಿ ಆಚೆ ಓಡುವುದು ಅವಳು ತಾನೇ ಕಂಡುಹಿಡಿದ ಆಟ. ನಾನು ಎರಡು ಸಲ ಗದರಿದ್ದೆ. ಮೂರನೆಯ ಸಲ ನಾನು ಪೇಪರ್ ಓದುತ್ತಿದ್ದೆ. ಅವಳು ಆಚೆ ಹೋದಳು, ಕೈಯಲ್ಲಿದ್ದ ಸ್ಟೀಲ್ ಬಾಟಲಿ ಜಾರಿ ಹೊಸಿಲ ಮೇಲೆ ಬಿತ್ತು. ಷಟರ್ ಬಂದು ಅದರ ಮೇಲೆ ಕೂತಿತು. ಕೂತು ನಿಲ್ಲಲಿಲ್ಲ. ಒತ್ತುತ್ತಲೇ ಇತ್ತು. ಮೇಲಿನ ಪಟ್ಟಿಗಳು ಉಬ್ಬಿ ಕಿರ್ರೆಂದವು. ನಾನು ಓಡಿ ಮೇನ್ ಸ್ವಿಚ್ ಆರಿಸುವಷ್ಟರಲ್ಲಿ ಬಾಟಲಿಯ ಹೊಟ್ಟೆ ಒಳಕ್ಕೆ ಹೋಗಿತ್ತು.

ಪುಟ್ಟಿ ಬಾಟಲಿಗಾಗಿ ಅತ್ತಳು. ದೊಡ್ಡವರು ಯಾರೂ ಮಾತಾಡಲಿಲ್ಲ.

ಮರುದಿನ ರಿಪೇರಿಯವನನ್ನು ಕರೆಸಿದೆ. ಹಳಬ, ನಮ್ಮ ಷಟರಿನ ಜಾತಕವೆಲ್ಲ ಗೊತ್ತಿರುವವನು. ಹಾಕಿ ನೋಡಿ, ಇಳಿಸಿ ನೋಡಿ, "ಬ್ಯಾಂಕ್ ಸಾರ್, ವೈಂಡಿಂಗ್ ಸ್ವಲ್ಪ ಸುಟ್ಟಿದೆ. 2,400 ಆಗುತ್ತೆ, ಮಾಡಿಕೊಡ್ತೀನಿ. ಇನ್ನೈದು ವರ್ಷ ಓಡುತ್ತೆ" ಎಂದ.

"ಅದು ಸರಿ ಕಣಪ್ಪ, ಬಾಟಲಿ ಸಿಕ್ಕಿದಾಗ ಯಾಕೆ ನಿಲ್ಲಲಿಲ್ಲ?"

"ಅದು ನಿಲ್ಲೋ ಮೋಟಾರ್ ಅಲ್ಲ ಸಾರ್."

ಹನ್ನೆರಡು ವರ್ಷ ಆ ಮೋಟಾರಿನ ಕೆಳಗೆ ಓಡಾಡಿದ್ದೇನೆ. ಈ ಮಾತು ನನಗೆ ಗೊತ್ತಿರಲಿಲ್ಲ. ಷಟರಿನ ಒಳಗೇನಿದೆ ಎಂದು ನಿಮಗೂ ಸ್ವಲ್ಪ ಹೇಳುತ್ತೇನೆ. ಮೇಲೆ ಡಬ್ಬದೊಳಗೆ ಒಂದು ಅಡ್ಡ ಕೊಳವೆ. ಅದಕ್ಕೆ ತಗಡಿನ ಪಟ್ಟಿಗಳ ಪರದೆ ಚಾಪೆಯಂತೆ ಸುತ್ತಿಕೊಳ್ಳುತ್ತದೆ. ಕೊಳವೆಯ ಮೇಲೆ ಬಿಗಿಯಾಗಿ ಸುತ್ತಿದ ಸ್ಪ್ರಿಂಗ್‌ಗಳು. ಷಟರಿನ ಭಾರದಲ್ಲಿ ಹೆಚ್ಚು ಪಾಲನ್ನು ಎತ್ತುವುದು ಮೋಟಾರಲ್ಲ, ಈ ಸ್ಪ್ರಿಂಗ್. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಶಾಖೆಯ ಜವಾನರು ಅಷ್ಟು ದೊಡ್ಡ ಷಟರನ್ನು ಕಬ್ಬಿಣದ ಕೊಕ್ಕೆ ಹಾಕಿ ಒಬ್ಬರೇ ಎಬ್ಬಿಸುತ್ತಿದ್ದರು. ಬಿ.ಹೆಚ್. ರಸ್ತೆಯವರೆಗೆ ಕೇಳುವ ಸದ್ದು. ಅವರಿಗೆ ಭೀಮಬಲ ಎಂದುಕೊಂಡಿದ್ದೆ. ಬಲ ಸ್ಪ್ರಿಂಗಿನದಾಗಿತ್ತು.

ನಮ್ಮ ಮೋಟಾರಿಗೆ ಜೊತೆಯಾಗಿ ಲಿಮಿಟ್ ಸ್ವಿಚ್ ಎಂಬುದೊಂದಿದೆ. ಕೊಳವೆ ಇಷ್ಟು ಸುತ್ತಿದರೆ ಮೇಲೆ ನಿಲ್ಲು, ಇಷ್ಟು ಸುತ್ತಿದರೆ ಕೆಳಗೆ ನಿಲ್ಲು ಎಂದಷ್ಟೇ ಅದಕ್ಕೆ ಗೊತ್ತು. ನಡುವೆ ಏನಿದೆ, ಯಾರಿದ್ದಾರೆ ಎಂಬುದು ಅದಕ್ಕೆ ಕಾಣುವುದಿಲ್ಲ. ಸುತ್ತು ಮುಗಿಯುವವರೆಗೆ ಇಳಿಯುತ್ತದೆ.

ನಾನು ಬಿ.ಕಾಂ. ಓದಿದವನು, ಮೊದಲು ಪುಸ್ತಕ ತೆಗೆದೆ. ಮನೆಯ ಪ್ರತಿ ಯಂತ್ರಕ್ಕೂ ನನ್ನಲ್ಲಿ ಒಂದು ಪುಟವಿದೆ. ಮೋಟಾರ್ ಮತ್ತು ಕೂರಿಸಿದ ಕೂಲಿ ಸೇರಿ 20,000 ರೂಪಾಯಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಕ್ಕೆ ವರ್ಷಕ್ಕೆ ಶೇಕಡಾ 15 ಸವಕಳಿ ಹಾಕುತ್ತಾರೆ. ಒಂದು ವರ್ಷಕ್ಕೆ 17,000 ಆಯಿತು. ಎರಡನೆಯ ವರ್ಷ 17,000ದಲ್ಲಿ ಶೇಕಡಾ 15 ಕಳೆದು 14,450. ಹೀಗೆ ಹನ್ನೆರಡು ಸಲ ಕಳೆಯಿರಿ, ಸುಮಾರು 2,845 ಉಳಿಯುತ್ತದೆ. ಇದರ ವಿಚಿತ್ರವೆಂದರೆ ಎಷ್ಟು ವರ್ಷ ಕಳೆದರೂ ಸೊನ್ನೆ ಬರುವುದೇ ಇಲ್ಲ. ಬೇಕಾದರೆ ಭಾನುವಾರ ಕೂತು ಮಾಡಿ ನೋಡಿ. ಇನ್ನು ರಿಪೇರಿಯ ಖರ್ಚು: ಹೊಸ ರಿಮೋಟ್ 750, ಕೆಪಾಸಿಟರ್ 650, ಒಂದು ಬದಿಯ ಸ್ಪ್ರಿಂಗ್ 3,200, ಲಿಮಿಟ್ ಸ್ವಿಚ್ 1,800. ಒಟ್ಟು 6,400. ಈಗ ರಿಪೇರಿಗೆ 2,400. ಹೊಸದು ಹಾಕಿಸಿದರೆ 26,000. ಪುಸ್ತಕದ ತೀರ್ಪು ಸ್ಪಷ್ಟವಾಗಿತ್ತು, ರಿಪೇರಿ.

ಅವಳು ಕಾಫಿ ತಂದಿಟ್ಟು ಪುಟವನ್ನೇ ನೋಡಿದಳು. "ರೀ, ಆ ಬಾಟ್ಲೀನ ಯಾವ ಕಾಲಮ್ಮಿಗೆ ಬರ್ದಿದೀರಿ?"

ನಾನು ಪುಸ್ತಕ ಮುಚ್ಚಿದೆ. ತೀರ್ಮಾನ ಮಾತ್ರ ಆಗಲಿಲ್ಲ. ಆ ದಿನ ಮೊದಲೇ ಗೊತ್ತುಮಾಡಿದಂತೆ ಬೇಲೂರು, ಹಳೇಬೀಡಿಗೆ ಹೊರಟೆವು. ಕಾರನ್ನು ಆಚೆ ತೆಗೆಯಲು ರಿಪೇರಿಯವನೇ ಬ್ರೇಕಿನ ತಂತಿ ಎಳೆದು ಷಟರನ್ನು ಕೈಯಲ್ಲೇ ಎತ್ತಿಕೊಟ್ಟ. ಎದೆ ಮಟ್ಟಕ್ಕೆ ಎತ್ತಿ ಕೈಬಿಟ್ಟಾಗ ಅದು ಅಲ್ಲೇ ನಿಂತಿತು. "ನೋಡಿ, ಸ್ಪ್ರಿಂಗ್ ಚೆನ್ನಾಗಿದೆ" ಎಂದ.

ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಅಲ್ಲಿ ನವರಂಗದಲ್ಲಿ ಮೈತುಂಬ ಕೆತ್ತನೆಯ ನರಸಿಂಹ ಕಂಬವಿದೆ. ಹಿಂದೆ ಅದು ನಿಂತಲ್ಲೇ ತಿರುಗುತ್ತಿತ್ತು ಎಂದು ಗೈಡುಗಳು ಹೇಳುವುದುಂಟು. ಪುಟ್ಟಿ ಕಂಬವನ್ನು ಮೇಲಿಂದ ಕೆಳಗೆ ನೋಡಿ, "ತಾತ, ಇದರ ಮೋಟಾರೂ ಕೆಟ್ಟೋಯ್ತಾ?" ಎಂದಳು. ಗೈಡ್ ನಕ್ಕುಬಿಟ್ಟರು.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಬಾಗಿಲ ಎರಡೂ ಬದಿಗೆ ದ್ವಾರಪಾಲಕರು ನಿಂತಿದ್ದಾರೆ. ಆಳೆತ್ತರದ ಮೂರ್ತಿಗಳು, ಮೈತುಂಬ ಒಡವೆ. ಕೆಲವರ ಕೈಗಳು ಮುರಿದಿವೆ. ಇವರು ಏನು ಮಾಡುತ್ತಾರೆ ಎಂದಳು. ಯಾರು ಒಳಗೆ ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡಿಕೊಳ್ಳುತ್ತಾರೆ ಎಂದೆ. "ನಮ್ಮ ಷಟರಿಗೆ ಇಬ್ರು ಇದ್ದಿದ್ರೆ ನನ್ನ ಬಾಟ್ಲಿ ಉಳೀತಿತ್ತು" ಎಂದಳು.

ಆ ಮಾತು ಕೇಳಿದ್ದೇ ನನಗೆ ಮಗನ ಮನೆ ನೆನಪಾಯಿತು. 2011ರಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಅವನ ಗ್ಯಾರೇಜ್ ಬಾಗಿಲ ಎರಡೂ ಬದಿ, ನೆಲದಿಂದ ಗೇಣೂ ಇಲ್ಲದ ಎತ್ತರದಲ್ಲಿ, ಬೆಂಕಿಪೊಟ್ಟಣದಂಥ ಎರಡು ಡಬ್ಬಿ, ಸಣ್ಣ ದೀಪ. ರಾತ್ರಿ ದೀಪ ಎಂದುಕೊಂಡು ಸುಮ್ಮನಿದ್ದೆ. ಹಳೇಬೀಡಿನಿಂದ ಬಂದ ರಾತ್ರಿ ಫೋನ್ ಮಾಡಿ ಕೇಳಿದೆ. ಒಂದು ಡಬ್ಬಿ ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ, ಎದುರಿನದು ಹಿಡಿಯುತ್ತದೆ. ಟಿ.ವಿ. ರಿಮೋಟಿನಲ್ಲಿರುವ ಅವಕೆಂಪು ಕಿರಣದಂಥದೇ. ಬಾಗಿಲು ಇಳಿಯುವಾಗ ನಡುವೆ ಮಗುವೋ ಬೆಕ್ಕೋ ಬಂದು ಕಿರಣ ತುಂಡಾದರೆ ಮೋಟಾರ್ ನಿಂತು ಬಾಗಿಲು ಮತ್ತೆ ಮೇಲೇಳುತ್ತದೆ.

ಮೇಲಕ್ಕೇಳುವ ಗ್ಯಾರೇಜ್ ಬಾಗಿಲನ್ನು ಅಮೆರಿಕದ ಸಿ.ಜಿ. ಜಾನ್ಸನ್ ಎಂಬುವರು ಮಾಡಿದ್ದು 1921ರಲ್ಲಿ. ಅದನ್ನು ಎತ್ತುವ ವಿದ್ಯುತ್ ಯಂತ್ರ ಮಾಡಿದ್ದು 1926ರಲ್ಲಿ. ಆದರೆ ಆ ದೇಶದಲ್ಲಿ ಮಾರುವ ಮನೆಬಳಕೆಯ ಯಂತ್ರಕ್ಕೆ ಇಂಥ ಕಣ್ಣೋ, ತಗುಲಿದರೆ ಹಿಂತಿರುಗುವ ಅಂಚೋ ಇರಲೇಬೇಕೆಂಬ ನಿಯಮ ಬಂದದ್ದು 1993ರ ಜನವರಿ 1ರಿಂದ. ನಡುವೆ ಮಕ್ಕಳು ಬಾಗಿಲಡಿ ಸಿಕ್ಕಿ ಸತ್ತಿದ್ದರು. ಅದಾದ ಮೇಲೆ ಕಾನೂನು. ನಮಗೆ 2013ರಲ್ಲಿ ಇದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಜ್ಜ ಅಜ್ಜಿಯರೇ, ಈಗ ನಿಮ್ಮೊಡನೆ ಎರಡು ಮಾತು. ಮೋಟಾರ್ ನರಳಿತು ಎಂದ ಕೂಡಲೇ ಹೊಸದು ತರಬೇಡಿ. ನರಳುವುದು ಬಹಳ ಸಲ ಸ್ಪ್ರಿಂಗ್ ಸಡಿಲವಾಗಿ, ಇಲ್ಲವೇ ಪಕ್ಕದ ಚಾನೆಲ್‌ನಲ್ಲಿ ಧೂಳು ತುಂಬಿ. ನಮ್ಮದೊಮ್ಮೆ ಮಾರ್ಗಶಿರದ ಬೆಳಗ್ಗೆ ಏಳಲೇ ಇಲ್ಲ. ತಪ್ಪು ನನ್ನದು. ಕೊಬ್ಬರಿಯ ಊರಿನವನೆಂಬ ಹಮ್ಮಿನಿಂದ ಚಾನೆಲ್ಲಿಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ ಎಂದು ಬಚ್ಚಲ ಬಾಟಲಿ ನೋಡಿದ ಯಾರಿಗೂ ಗೊತ್ತು, ನನಗೆ ಮಾತ್ರ ಹೊಳೆಯಲಿಲ್ಲ. ಒರೆಸಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಸರಿಹೋಯಿತು. ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ ಕೆಪಾಸಿಟರ್ ಇರಬಹುದು. ರಿಮೋಟ್ ಹತ್ತಿರ ಹಿಡಿದರೆ ಮಾತ್ರ ಕೆಲಸ ಮಾಡಿದರೆ ಸೆಲ್ ಬದಲಿಸಿ. ಇವೆಲ್ಲ ದುಡ್ಡಿನ ಪ್ರಶ್ನೆ, ಪುಸ್ತಕ ನೋಡಿ ತೀರ್ಮಾನಿಸಬಹುದು. ಸ್ಪ್ರಿಂಗನ್ನು ಮಾತ್ರ ನೀವು ಬಿಚ್ಚಬೇಡಿ. ಬಿಗಿದ ಸ್ಪ್ರಿಂಗ್ ತಪ್ಪಿದರೆ ಕೈ ಮುರಿಯುತ್ತದೆ.

ಬಾಟಲಿಯ ಪ್ರಶ್ನೆ ಬೇರೆ. ಅದಕ್ಕೆ ಒಂದು ಪರೀಕ್ಷೆ ಇದೆ. ಒಂದೂವರೆ ಇಂಚು ದಪ್ಪದ ಮರದ ತುಂಡನ್ನು ಬಾಗಿಲ ಅಡಿ ಮಲಗಿಸಿ, ದೂರ ನಿಂತು ಇಳಿಸಿ. ಕೈಯಿಂದ ತಡೆದು ನೋಡಬೇಡಿ. ತಗುಲಿದ ತಕ್ಷಣ ಹಿಂತಿರುಗಿದರೆ ಸರಿ. ನಮ್ಮದು ಹಿಂತಿರುಗುವ ಜಾತಿಯದೇ ಅಲ್ಲವೆಂದು ಬಾಟಲಿಯೇ ತೋರಿಸಿತ್ತು. ಹಳೆಯ ಮೋಟಾರಿಗೇ ಸೆನ್ಸರ್ ಸೇರಿಸಬಹುದೇ ಎಂದು ಮೊದಲು ಕೇಳಿ. ಕಂಟ್ರೋಲ್ ಬೋರ್ಡಿನಲ್ಲಿ ಅದರ ತಂತಿಗೆ ಜಾಗವಿದ್ದರೆ ಮೋಟಾರ್ ಬದಲಿಸುವ ಖರ್ಚೇ ಇಲ್ಲ. ನಮ್ಮದರಲ್ಲಿ ಜಾಗವಿರಲಿಲ್ಲ. ಅದರ ರಿಮೋಟ್ ಕೂಡ ಹಳೆಯ ಕಾಲದ್ದು, ಪ್ರತಿ ಸಲ ಒಂದೇ ಸಂಕೇತ ಕಳಿಸುವುದು. ಅಂಥದನ್ನು ಬೀಗದ ಕೈ ನಕಲು ಮಾಡಿದಂತೆ ನಕಲು ಮಾಡಬಹುದು. ಹೊಸವು ಒತ್ತಿದಾಗಲೆಲ್ಲ ಸಂಕೇತ ಬದಲಿಸುತ್ತವೆ.

ಕರೆಂಟ್ ಹೋದಾಗ ಏನು ಎಂದೂ ಕೇಳಿ. ಇದು ನಮ್ಮೂರಿನ ತಾಪತ್ರಯ ಮಾತ್ರವಲ್ಲ. ಕ್ಯಾಲಿಫೋರ್ನಿಯಾದಲ್ಲಿ 2017ರ ಕಾಳ್ಗಿಚ್ಚಿನಲ್ಲಿ ಕರೆಂಟಿಲ್ಲದೆ ಗ್ಯಾರೇಜ್ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಬಿದ್ದರು. 2019ರ ಜುಲೈನಿಂದ ಅಲ್ಲಿ ಹೊಸ ಯಂತ್ರಕ್ಕೆ ಬ್ಯಾಟರಿ ಕಡ್ಡಾಯ. ನಾನು ಬ್ಯಾಟರಿಗೆ ಹೋಗಲಿಲ್ಲ. ಬ್ರೇಕಿನ ತಂತಿ ಎಳೆಯುವುದನ್ನು ಮನೆಯ ದೊಡ್ಡವರೆಲ್ಲ ಕಲಿತೆವು, ಅವಳಂತೂ ನನಗಿಂತ ಚೆನ್ನಾಗಿ.

ಪರದೆ, ಸ್ಪ್ರಿಂಗ್ ಹಾಗೇ ಉಳಿಸಿಕೊಂಡು ಮೋಟಾರ್, ಬೋರ್ಡು ಬದಲಿಸಿದೆವು. ಎರಡೂ ಬದಿ ಎರಡು ಕಣ್ಣು ಬಂದವು. ಹಳೆಯ ಮೋಟಾರ್ ತಾಮ್ರದ ಆಸೆಗೆ ಗುಜರಿಯವನು 900 ಕೊಟ್ಟ, ಜಮಾ ಬರೆದೆ. ಪುಟ್ಟಿ ಕಣ್ಣುಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕಿರೀಟ ಬರೆದಿದ್ದಾಳೆ, ಗಾಜಿಗೆ ತಾಗದಂತೆ. ರಿಮೋಟ್ ಈಗ ಅವಳ ಕೈಗೆ ಎಟುಕದ ಮೊಳೆಯಲ್ಲಿದೆ. ಪ್ರತಿ ತಿಂಗಳ ಒಂದನೇ ತಾರೀಖು, ಹಿಂದೆ ಸಂಬಳದ ದಿನವಾಗಿತ್ತಲ್ಲ, ನಾನು ಮರದ ತುಂಡು ಇಟ್ಟು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಟಿಕ್ ಹಾಕುತ್ತೇನೆ.

ಒಂದೇ ತೊಂದರೆ. ಬೀದಿಯ ಬೂದು ಬೆಕ್ಕು ಹೊಸಿಲ ಮೇಲೆ, ಸರಿಯಾಗಿ ಇಬ್ಬರು ದ್ವಾರಪಾಲಕರ ನಡುವೆ ಬಂದು ಮಲಗುವುದನ್ನು ಕಲಿತಿದೆ. ಷಟರ್ ಎಷ್ಟು ಸಲ ಒತ್ತಿದರೂ ಅರ್ಧಕ್ಕೆ ಬಂದು ಮತ್ತೆ ಮೇಲೇಳುತ್ತದೆ. ನಿನ್ನೆ ರಾತ್ರಿ ಅದು ಎದ್ದುಹೋಗುವವರೆಗೆ ಜಗಲಿಯ ಮೇಲೆ ಹತ್ತೂಮುಕ್ಕಾಲರ ತನಕ ಕೂತಿದ್ದೆ.