ಗಾಲಿಯ ಮನೆಯೂ ಕಾಲುವೆಯ ನೀರೂ

ಪ್ರವಾಸವನ್ನು ನಿಂದಿಸಲು ನಾನು ಲೇಖನಿ ಹಿಡಿದಿಲ್ಲ. ಹೊಸ್ತಿಲು ದಾಟದವನ ವಿದ್ಯೆ ಅರ್ಧ ವಿದ್ಯೆಯೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನು, ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯನ್ನು ಓದಿಯೇ ಹಂಪೆಯ ಕಡೆಗೆ ಮೊದಲು ಹೆಜ್ಜೆಯಿಟ್ಟವನು. ನನ್ನ ಜಗಳವಿರುವುದು ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ಹೊರಡುವ ಹೊಸ ಬಗೆಯ ಪ್ರವಾಸದೊಡನೆ. ಕಾರವಾನ್ ಎಂಬ ಆ ಮೋಟಾರಿನಲ್ಲಿ ಹಾಸಿಗೆಯುಂಟು, ಒಲೆಯುಂಟು, ಸ್ನಾನದ ಕೋಣೆಯುಂಟು, ಶೌಚವೂ ಉಂಟು. ಇಲ್ಲದಿರುವುದು ಒಂದೇ: ನೆರೆಹೊರೆ.

ಕಳೆದ ಚಳಿಗಾಲದಲ್ಲಿ ಆನೆಗೊಂದಿಯ ಸಮೀಪದ ಸಾಣಾಪುರಕ್ಕೆ ಹೋಗಿದ್ದೆ. ಜೊತೆಯಲ್ಲಿ ಮಾನ್ವಿಯ ಕಡೆಯ ಒಬ್ಬ ವಿದ್ಯಾರ್ಥಿ ಇದ್ದ. ಕೆರೆಯ ಮೇಲಣ ಬಂಡೆಗುಡ್ಡವನ್ನು ನಾವಿಬ್ಬರೂ ಬೆಳಗಿನ ತಂಪಿನಲ್ಲಿ ಹತ್ತಿದೆವು. ಮೇಲಿನಿಂದ ಕಂಡ ನೋಟ ಸುಳ್ಳಲ್ಲ. ಸುತ್ತ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು, ನಡುವೆ ನಿಶ್ಚಲವಾದ ನೀರು, ಅದರ ಮೇಲೆ ತಿರುಗುವ ಹರಿಗೋಲುಗಳು, ದೂರದಲ್ಲಿ ಗಂಗಾವತಿ ಸೀಮೆಯ ಭತ್ತದ ಹಸುರು. ಇಳಿದು ಬಂದಾಗ ದಡದಲ್ಲಿ ಅಂಥದೊಂದು ಗಾಲಿಯ ಮನೆ ನಿಂತಿತ್ತು. ಅದರ ಹೊಟ್ಟೆಯಿಂದ ಒಂದು ಕೊಳವೆ ಹೊರಟು ನೊರೆನೀರನ್ನು ಇಳಿಜಾರಿಗೆ ಬಿಡುತ್ತಿತ್ತು. ಇದೇನೆಂದು ಕೇಳಿದೆ. ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ ಮಹನೀಯರು ಸೌಜನ್ಯದಿಂದಲೇ ಹೇಳಿದರು: “ಬರೀ ಪಾತ್ರೆ ತೊಳೆದ ನೀರು ಸಾರ್, ಹರಿದು ಹೋಗುತ್ತೆ ಬಿಡಿ.”

ನನ್ನ ಹುಡುಗ ಮೆಲ್ಲನೆ ಅಂದ: “ಹರದು ಎಲ್ಲಿಗಿ ಹೋಗ್ತದ್ರೀ ಸರ? ನಮ್ಮ ಕಡೀಗೇ ಬರ್ತದಲ್ರೀ.”

ಈ ಲೇಖನದಲ್ಲಿ ನಾನು ಹೇಳಬೇಕಾದುದನ್ನೆಲ್ಲ ಆ ಹುಡುಗ ಅಂದೇ ಹೇಳಿ ಮುಗಿಸಿದ. ಸಾಣಾಪುರದ ಕೆರೆ ಪ್ರಕೃತಿ ನಮಗಾಗಿ ಬರೆದಿಟ್ಟ ಚಿತ್ರವಲ್ಲ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. 227 ಕಿಲೋಮೀಟರು ಉದ್ದದ ಆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು ರಾಯಚೂರಿನ ಕಡೆಗೆ ಬರುತ್ತದೆ. ಅದರ ಕೆಳಭಾಗದಲ್ಲಿ ಗಣೇಕಲ್ ಎಂಬ ಇನ್ನೊಂದು ಸಮತೋಲನ ಜಲಾಶಯವಿದೆ. ಅಲ್ಲಿಗೆ ಯಾರೂ ಕ್ಯಾಮರಾ ಹೊತ್ತು ಹೋಗುವುದಿಲ್ಲ. ಆದರೆ ರಾಯಚೂರು ನಗರದ ಜನ ಕುಡಿಯುವ ನೀರಿನಲ್ಲಿ ಅದರ ಪಾಲುಂಟು. ಮೇಲೆ ನೋಟದ ಕೆರೆ, ಕೆಳಗೆ ಕುಡಿಯುವ ಕೆರೆ. ಕಾಲುವೆ ಮಾತ್ರ ಒಂದೇ.

ಮಲ್ಲಟದಿಂದ ಅತ್ತಿತ್ತ ತಿರುಗುವ ನನಗೆ ಕಾಲುವೆಯ ಕೊನೆಯವರ ಪಾಡು ಗೊತ್ತು. ಇಂಥ ಮೈಲಿನಲ್ಲಿ ಗೇಜು ಎಷ್ಟಿದೆ ಎಂಬುದೇ ಅವರ ಪಂಚಾಂಗ. ಮೇಲಿನವರು ಎತ್ತಿಕೊಂಡು ಉಳಿದದ್ದು ತಮಗೆಂದು ಅವರು ಹಂಗಾಮಿಗೊಮ್ಮೆ ರಸ್ತೆಯಲ್ಲಿ ಕೂರುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಈ ಸೀಮೆಯೆಲ್ಲ ಉಸಿರು ಬಿಗಿಹಿಡಿದಿತ್ತು. 2022ರ ಬೇಸಗೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಆ ಸಾವುಗಳ ಹೊಣೆಯನ್ನು ಪ್ರವಾಸಿಯ ತಲೆಗೆ ಕಟ್ಟಲಾರೆ. ನೀರನ್ನು ಶುದ್ಧಿಮಾಡಬೇಕಾದಲ್ಲಿ ನಡೆದ ಅಲಕ್ಷ್ಯ ಅದು. ಆದರೆ ನೀರಿನಿಂದ ಇಷ್ಟು ನೊಂದ ಊರಿಗೆ ಹೋಗುವ ಕಾಲುವೆಯಲ್ಲಿ ಒಂದು ಬೊಗಸೆ ಕೊಳೆಯನ್ನಾದರೂ ‘ಹರಿದು ಹೋಗುತ್ತೆ ಬಿಡಿ’ ಎನ್ನಲು ಯಾರಿಗೆ ಅಧಿಕಾರವಿದೆ?

ಮೇಷ್ಟರಿಗೆ ಹೊಟ್ಟೆಯುರಿ ಎನ್ನುವವರಿಗೆ ಒಂದು ಮಾತು. ಗಾಲಿಯ ಮೇಲಿನ ಮನೆ ನಮಗೆ ಹೊಸದಲ್ಲ. ನಮ್ಮ ಹಿರಿಯರು ಕಮಾನು ಕಟ್ಟಿದ ಬಂಡಿಯಲ್ಲಿ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು, ರೊಟ್ಟಿಯ ಗಂಟು, ಶೇಂಗಾ ಚಟ್ನಿ ಕಟ್ಟಿಕೊಂಡು ಜಾತ್ರೆಗಳಿಗೆ ಹೋದವರೇ. ಆದರೆ ಆ ಬಂಡಿ ದಾರಿಯ ಊರನ್ನು ಮಾತಾಡಿಸದೆ ಮುಂದೆ ಹೋಗಲಾರದು. ಎತ್ತಿಗೆ ಮೇವು ಬೇಕು, ನೀರು ಬೇಕು, ಬಾವಿಯ ಒಡೆಯನನ್ನು “ಯಪ್ಪಾ, ಇಲ್ಲಿ ಕೊಳ್ಳು ಹರೀಲೇನು?” ಎಂದು ಕೇಳಲೇಬೇಕು. ಬೆಳಗಾದಾಗ ಅದು ಬಿಟ್ಟುಹೋದ ಸಗಣಿಯೂ ಹೊಲಕ್ಕೆ ಗೊಬ್ಬರ. ಈಗಿನ ಗಾಲಿಮನೆ ಯಾರನ್ನೂ ಏನನ್ನೂ ಕೇಳುವುದಿಲ್ಲ. ಅಕ್ಕಿಬೇಳೆ ಪಟ್ಟಣದ್ದು, ಹಾಸಿಗೆ ಪಟ್ಟಣದ್ದು. ಊರಿಗೆ ದಕ್ಕುವುದು ಬಚ್ಚಲ ನೀರು ಮಾತ್ರ.

ಇನ್ನೊಂದು ವಾದವುಂಟು. ವಿರೂಪಾಪುರ ಗಡ್ಡೆಯಲ್ಲಿ ಕಾನೂನು ಮೀರಿ ಎದ್ದಿದ್ದ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2020ರಲ್ಲಿ ಕೆಡವಲಾಯಿತು. ಗಾಲಿಮನೆಗೆ ತಳಪಾಯವೇ ಇಲ್ಲವಲ್ಲ, ಹಂಪೆಯಂಥ ಸ್ಥಳಕ್ಕೆ ಇದೇ ತಕ್ಕದ್ದು ಎನ್ನುತ್ತಾರೆ. ಕೇಳಲು ಇಂಪಾಗಿದೆ. ಆದರೆ ತಳಪಾಯವಿದ್ದ ಮನೆಗೆ ಒಂದು ವಿಳಾಸವಿತ್ತು. ನ್ಯಾಯಾಲಯದ ನೋಟೀಸು ಹೋಗಿ ಮುಟ್ಟುವ ಬಾಗಿಲಿತ್ತು. ಬೆಳಗಾಗುವಷ್ಟರಲ್ಲಿ ಮಾಯವಾಗುವ ಮನೆಯ ಯಾವ ಬಾಗಿಲನ್ನು ತಟ್ಟೋಣ?

ಗಾಲಿಮನೆ ಬೇಡವೆನ್ನುವುದು ನನ್ನ ವಾದವಲ್ಲ. ಅದರೊಳಗೆ ಕೊಳೆನೀರಿಗೂ ಮಲಕ್ಕೂ ಬೇರೆ ಬೇರೆ ತೊಟ್ಟಿಗಳಿರುತ್ತವೆ; ಅವನ್ನು ಬರಿದುಮಾಡಲು ಗೊತ್ತಾದ ಸ್ಥಳ ಬೇಕು. ಅಂಥ ತಂಗುದಾಣ ಇಲ್ಲದ ಕಡೆ ಗಾಲಿಮನೆಗೆ ರಾತ್ರಿ ನಿಲ್ಲಲು ಅಪ್ಪಣೆಯೂ ಇರಬಾರದು. ಮೊದಲು ತಂಗುದಾಣ, ಆಮೇಲೆ ಜಾಹೀರಾತು. ತಂಗುದಾಣ ಕೆರೆಯ ದಂಡೆಯಲ್ಲಿ ಬೇಡ, ಊರ ಮಗ್ಗುಲಲ್ಲಿರಲಿ. ಬಂದವರು ಒಂದು ಹೊತ್ತಾದರೂ ಊರ ಖಾನಾವಳಿಯಲ್ಲಿ ರೊಟ್ಟಿ ಉಣ್ಣಲಿ, ಗುಡ್ಡ ಹತ್ತುವಾಗ ಊರ ಹುಡುಗನೊಬ್ಬನನ್ನು ದಾರಿ ತೋರಲು ಕರೆದೊಯ್ಯಲಿ. ಗುಡ್ಡದ ಮೇಲೆ ನಿಂತು ಅವನು ಕೈತೋರಿಸಿ, “ಈ ನೀರು ಆ ಕಡೀಗೆ ಹೋಗ್ತದ್ರೀ” ಎಂದಾನು. ಆಗ ನೋಟ ಕೆಡುವುದಿಲ್ಲ, ಪೂರ್ಣವಾಗುತ್ತದೆ.

ಕೊನೆಗೊಂದು ಅಗ್ಗದ ಸಲಹೆ. ಸಾಣಾಪುರದ ದಡದಲ್ಲಿ ‘ಈಜಬೇಡಿ’ ಎಂಬ ಫಲಕ ಇರಬೇಕಾದದ್ದೇ. ಅದರ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಿ, ಈ ನೀರು ಮುಂದೆ ಮುಟ್ಟುವ ಊರುಗಳ ಹೆಸರನ್ನು ಬರೆಸಲಿ: ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು. ಅದನ್ನು ಓದಿದ ಮೇಲೂ ಕೊಳವೆ ಬಿಚ್ಚುವಾತನಿಗೆ ಯಾವ ಮೇಷ್ಟರೂ ಪಾಠ ಹೇಳಲಾರ.