ಕಡಲ ಮೇಲಿನ ಕೋಣೆ: ಯಾರಿಗೆ ಯಾವುದು?

ನಮ್ಮ ಸೀಮೆಯಲ್ಲಿ ನೀರೆಂದರೆ ಕೊಡದ ಲೆಕ್ಕದಲ್ಲಿ ಎಣಿಸಿ ಬಳಸುವ ವಸ್ತು. ಕಣ್ತುಂಬ ನೀರು ಕಾಣಬೇಕೆಂದರೆ ಸೊಲ್ಲಾಪುರದವರು ಸಿದ್ಧೇಶ್ವರನ ಕೆರೆಯ ದಂಡೆಗೆ ಹೋಗುತ್ತಾರೆ. ಅಕ್ಕಲಕೋಟೆಯವರು ಬೋರಿ ಹೊಳೆಗೆ ಕಟ್ಟಿದ ಕುರನೂರಿನ ಆಣೆಕಟ್ಟಿಗೆ ಹೋಗುತ್ತಾರೆ. ಭೀಮೆಗೆ ಕಟ್ಟಿದ ಉಜನಿ ಆಣೆಕಟ್ಟು 1980ರಲ್ಲಿ ಮುಗಿದ ಮೇಲೆ ಅದರ ಹಿನ್ನೀರನ್ನೇ ಮಕ್ಕಳಿಗೆ ತೋರಿಸಿ, ಸಮುದ್ರವೂ ಹೀಗೆಯೇ ಇರುತ್ತದೆಂದು ಹೇಳಿದವರುಂಟು. ಇಂಥ ಬರದ ಸೀಮೆಯ ಸಂಸಾರಗಳು ಈಗ ನಿಜವಾದ ಸಮುದ್ರದ ಮೇಲೆ ಎರಡು ಮೂರು ರಾತ್ರಿಗಳನ್ನು ಕಳೆದು ಬರಲು ಹೊರಟಿರುವುದು ಸಂತೋಷದ ಸಂಗತಿಯೇ ಸರಿ.

ಮುಂಬಯಿ–ಗೋವೆಗಳ ನಡುವೆ 2018ರಲ್ಲಿ ‘ಆಂಗ್ರಿಯಾ’ ಎಂಬ ವಿಹಾರನೌಕೆ ಓಡಾಡತೊಡಗಿತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಎಂಬ ಹಡಗು ಮುಂಬಯಿಯಿಂದ ಹೊರಟು ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚಾರವನ್ನು ಆರಂಭಿಸಿತು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಹನ್ನೊಂದು ಅಂತಸ್ತುಗಳ ಹಡಗು ಅದು. 2025ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಹೊಸ ಅಂತರರಾಷ್ಟ್ರೀಯ ಕ್ರೂಝ್ ಟರ್ಮಿನಲ್ಲಿನ ಉದ್ಘಾಟನೆಯಾಯಿತು. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದವರು ಬೆಳಗಾಗುವ ಹೊತ್ತಿಗೆ ಮುಂಬಯಿಯಲ್ಲಿ ಇಳಿಯುತ್ತಾರೆ. ಬಂದರು ಅಲ್ಲಿಂದ ದೂರವಿಲ್ಲ. ಹೀಗಾಗಿ ಹಡಗಿನ ವಿಹಾರವು ನಮ್ಮವರ ಕೈಗೆಟಕುವ ಮಾತಾಗಿದೆ. ಅದರೊಡನೆ ಒಂದು ಹೊಸ ಇಕ್ಕಟ್ಟೂ ಮನೆಯೊಳಗೆ ಬಂದಿದೆ: ಯಾವ ಕೋಣೆಯನ್ನು ಹಿಡಿಯಬೇಕು?

ಅಕ್ಕಲಕೋಟೆ ತಾಲೂಕಿನ ಓದುಗರೊಬ್ಬರು ಈ ವಿಷಯವಾಗಿ ನಮ್ಮ ಸಲಹೆಯನ್ನು ಕೇಳಿದ್ದಾರೆ. ಮನೆಯಲ್ಲಿ ಆರು ಜನ: ವೃದ್ಧ ತಂದೆತಾಯಿ, ಗಂಡಹೆಂಡಿರು, ಹನ್ನೆರಡು ವರ್ಷದ ಮಗಳು, ಎಂಟು ವರ್ಷದ ಮಗ. ಡಿಸೆಂಬರಿನಲ್ಲಿ ಗೋವೆಯವರೆಗೆ ಹೋಗಿಬರುವ ವಿಚಾರ. ಕೂಡಿಟ್ಟ ಹಣದಲ್ಲಿ ಬಾಲ್ಕನಿಯುಳ್ಳ ಒಂದು ಕೋಣೆ, ಕಿಟಕಿಯಿಲ್ಲದ ಒಂದು ಒಳಕೋಣೆ ದೊರೆಯುತ್ತವೆ. ಬಾಲ್ಕನಿಯ ಕೋಣೆ ತಮಗೆ ಮತ್ತು ಮಕ್ಕಳಿಗೆ, ಒಳಕೋಣೆ ತಂದೆತಾಯಿಗಳಿಗೆ ಎಂದು ಅವರು ಯೋಚಿಸಿದ್ದಾರೆ. ಅವರ ತಮ್ಮನೂ ಇದನ್ನೇ ಅನುಮೋದಿಸಿ, “ಅವ್ವ ಮಲಗಾಕಷ್ಟ ಒಳಗ ಹೋಗ್ತಾಳ, ಆಕಿಗೆ ಕಿಡಕಿ ಯಾಕ ಬೇಕು?” ಎಂದರಂತೆ. ಸಮುದ್ರವನ್ನು ಇದುವರೆಗೆ ಕಾಣದ ಆ ತಾಯಿ, “ನನಗ ಎಲ್ಲಿ ಹಾಕಿದ್ರೂ ನಡೀತದ” ಎಂದು ಹೇಳಿದ್ದಾರೆ. ಆದರೂ ಓದುಗರ ಮನಸ್ಸಿಗೆ ಸಮಾಧಾನವಾಗಿಲ್ಲ. ಅವರ ಅಸಮಾಧಾನ ಸರಿಯಾದದ್ದೆಂದು ನಾವು ಭಾವಿಸುತ್ತೇವೆ.

ಹಡಗಿನಲ್ಲಿ ಯಾರು ಎಲ್ಲಿ ಮಲಗಬೇಕೆಂಬ ಪ್ರಶ್ನೆ ಹೊಸದಲ್ಲ. ಕೊಂಕಣ ಕರಾವಳಿಯ ಹಿಂದಿನ ಹಬೆಹಡಗುಗಳಲ್ಲಿ ಬಡವರು ಡೆಕ್ಕಿನ ಮೇಲೆ ಹಾಸಿಗೆಯ ಸುರುಳಿ ಬಿಚ್ಚಿ ಮಲಗುತ್ತಿದ್ದರು. ಕೋಣೆಗಳು ಉಳ್ಳವರ ಪಾಲಾಗಿದ್ದವು. 1888ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಇಂಗ್ಲೆಂಡಿಗೆ ಹೊರಟ ಗಾಂಧೀಜಿಯವರಿಗೆ ಸ್ನೇಹಿತರು ಜುನಾಗಢದ ವಕೀಲರೊಬ್ಬರ ಕ್ಯಾಬಿನ್ನಿನಲ್ಲೇ ಜಾಗ ಗೊತ್ತುಮಾಡಿದ್ದರು. ಹುಡುಗನಿಗೆ ಅನುಭವಸ್ಥರೊಬ್ಬರ ಜೊತೆಯಿರಲಿ ಎಂಬುದು ಅವರ ಉದ್ದೇಶ. ಚಮಚ, ಮುಳ್ಳುಗಳ ಬಳಕೆ ತಿಳಿಯದೆ, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವೂ ಬಾರದೆ, ಅವರು ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ಕುಳಿತು ತಿಂದದ್ದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಮೊದಲ ಪ್ರಯಾಣದಲ್ಲಿ ಕೋಣೆಯು ಹೊಸಬನಿಗೆ ಆಸರೆಯೂ ಆಗುತ್ತದೆಂಬುದು ಇದರಿಂದ ಸ್ಪಷ್ಟ. ಯಾರಿಗೆ ಆಸರೆ ಹೆಚ್ಚು ಬೇಕೋ ಅವರನ್ನು ಮುಂದಿಟ್ಟುಕೊಂಡೇ ಕೋಣೆಯನ್ನು ಆರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ಕೋಣೆಗಳ ಬಗೆಗಳನ್ನು ನೋಡೋಣ. ಹೆಸರುಗಳು ಹಡಗಿನಿಂದ ಹಡಗಿಗೆ ಬೇರೆಯಾದರೂ ಮುಖ್ಯವಾಗಿ ನಾಲ್ಕೇ ಬಗೆ. ಮೊದಲನೆಯದು ಒಳಕೋಣೆ. ಇದಕ್ಕೆ ಹೊರಗೋಡೆಯಿಲ್ಲ, ಆದ್ದರಿಂದ ಕಿಟಕಿಯೂ ಇಲ್ಲ. ಬೆಲೆ ಎಲ್ಲಕ್ಕಿಂತ ಕಡಿಮೆ. ಎರಡನೆಯದು ಕಿಟಕಿಯ ಕೋಣೆ. ಗಾಜಿನಾಚೆ ಸಮುದ್ರ ಕಾಣುತ್ತದೆ, ಬೆಳಕು ಬರುತ್ತದೆ. ಆದರೆ ಕಿಟಕಿಯನ್ನು ತೆರೆಯಲಾಗದು, ಗಾಳಿ ಬಾರದು. ಮೂರನೆಯದು ಬಾಲ್ಕನಿಯ ಕೋಣೆ. ಬಾಗಿಲು ತೆರೆದು ಹೊರಗೆ ಕುರ್ಚಿ ಹಾಕಿ ಕೂರಬಹುದು. ನಾಲ್ಕನೆಯದು ಸೂಟ್, ಮಲಗುವ ಜಾಗದೊಡನೆ ಕೂರುವ ಜಾಗವೂ ಇರುವ ವಿಶಾಲ ಕೋಣೆ. ಹಳೆಯ ಕಾಲದ ವಿನ್ಯಾಸದ ಹಡಗುಗಳಲ್ಲಿ ಬಾಲ್ಕನಿಗಳು ಕಡಿಮೆ, ಒಳಕೋಣೆ ಮತ್ತು ಕಿಟಕಿಯ ಕೋಣೆಗಳೇ ಹೆಚ್ಚು.

ಹಣ ತೆರುವ ಮೊದಲು ಒಂದು ಮಾತನ್ನು ನೆನಪಿಡಬೇಕು. ಊಟದ ಮನೆ, ಆಟಪಾಟ, ತೆರೆದ ಡೆಕ್ಕು ಇವು ಒಳಕೋಣೆಯವರಿಗೂ ಬಾಲ್ಕನಿಯವರಿಗೂ ಬಹುಮಟ್ಟಿಗೆ ಒಂದೇ. ಸೂರ್ಯಾಸ್ತವನ್ನು ಡೆಕ್ಕಿನ ಮೇಲೆ ನಿಂತು ನೋಡುವುದಕ್ಕೆ ಯಾರೂ ಬೇರೆ ಹಣ ಕೇಳುವುದಿಲ್ಲ. ಎರಡು ರಾತ್ರಿಗಳ ಪ್ರವಾಸದಲ್ಲಿ ಹಗಲು ಹೊತ್ತು ಕೋಣೆಯೊಳಗೆ ಕಳೆಯುವುದೇ ಸ್ವಲ್ಪ. ಅದರಲ್ಲೂ ಮಕ್ಕಳಿರುವವರು ಬಾಲ್ಕನಿಯಲ್ಲಿ ಕೂರುವ ಗಳಿಗೆಗಳು ಬೆರಳೆಣಿಕೆಯವು. ಮೇಲಾಗಿ ಎಂಟು ವರ್ಷದ ಹುಡುಗನಿರುವ ಕೋಣೆಗೆ ಬಾಲ್ಕನಿಯಿದ್ದರೆ ತಾಯಿಯ ಒಂದು ಕಣ್ಣು ಸದಾ ಅದರ ಬಾಗಿಲ ಮೇಲೆಯೇ ಇರಬೇಕಾಗುತ್ತದೆ.

ಕೋಣೆಯ ಬಗೆಗಿಂತ ಅದು ಇರುವ ಸ್ಥಳವೇ ಹೆಚ್ಚು ಮಹತ್ವದ್ದು. ಏತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏತದ ತುದಿಗಳು ಆಳೆತ್ತರ ಏರಿಳಿಯುತ್ತವೆ. ನಡುಗಂಬದ ಬಳಿ ಮರವು ಅಲುಗಿದಂತೆಯೇ ತೋರುವುದಿಲ್ಲ. ಅಲೆಗಳ ಮೇಲೆ ಹಡಗಿನ ಮುಂತುದಿ, ಹಿಂತುದಿಗಳ ಗತಿಯೂ ಇದೇ. ಎಸ್.ಟಿ. ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತು ದುಧನಿಯವರೆಗೆ ಹೋಗಿಬಂದವರಿಗೂ ಈ ಮಾತು ಅನುಭವಸಿದ್ಧ. ಪಕ್ಕದಿಂದ ಪಕ್ಕಕ್ಕೆ ತೂಗುವಾಗ ಮೇಲಂತಸ್ತಿನವರಿಗೆ ತೂಗಾಟ ಹೆಚ್ಚು, ಕೆಳಗಿನವರಿಗೆ ಕಡಿಮೆ. ಆದುದರಿಂದ ಕೆಳ ಅಂತಸ್ತು, ಹಡಗಿನ ನಡುಭಾಗ: ಮೊದಲ ಸಲ ಹೋಗುವವರಿಗೆ, ತಲೆಸುತ್ತು ಬರುವವರಿಗೆ, ವೃದ್ಧರಿಗೆ ಇದೇ ಸುಖದ ಸ್ಥಳ. ವಿಚಿತ್ರವೇನೆಂದರೆ, ಬಾಲ್ಕನಿಯ ಕೋಣೆಗಳು ಸಾಮಾನ್ಯವಾಗಿ ಮೇಲಂತಸ್ತುಗಳಲ್ಲಿಯೇ ಇರುತ್ತವೆ. ಹೆಚ್ಚು ಹಣ ತೆತ್ತವರೇ ಹೆಚ್ಚು ತೂಗಾಡಬೇಕಾಗುವುದೂ ಉಂಟು.

ಡಿಸೆಂಬರಿನಲ್ಲಿ ಅರಬ್ಬೀ ಸಮುದ್ರವು ಬಹುತೇಕ ಶಾಂತವಾಗಿರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಾಗಲ್ಲ. ಆ ತಿಂಗಳುಗಳಲ್ಲಿ ಕೊಂಕಣದ ಹಬೆಹಡಗುಗಳು ಓಡುತ್ತಲೇ ಇರಲಿಲ್ಲ. ಹೊಟ್ಟೆ ತೊಳಸಿದಾಗ ತೆರೆದ ಡೆಕ್ಕಿನ ನಡುಭಾಗಕ್ಕೆ ಬಂದು ದಿಗಂತದ ಗೆರೆಯನ್ನು ನೋಡುತ್ತ ಕೂತರೆ ಎಷ್ಟೋ ವಾಸಿ. ಕಿಟಕಿಯುಳ್ಳವರಿಗೆ ಆ ಗೆರೆ ಹಾಸಿಗೆಯಿಂದಲೇ ಕಾಣುವ ಅನುಕೂಲವಿದೆ. ತೊಳಸಾಟಕ್ಕೆ ಕೊಡುವ ಕೆಲವು ಮಾತ್ರೆಗಳು ಮಂಪರು ತರಿಸುತ್ತವೆ. ಕಣ್ಣಿನ ಒತ್ತಡ ಅಥವಾ ಮೂತ್ರದ ತೊಂದರೆಯಿರುವ ಹಿರಿಯರು ವೈದ್ಯರನ್ನು ಕೇಳದೆ ಅವನ್ನು ನುಂಗಬಾರದು.

ನಕ್ಷೆಯನ್ನು ನೋಡದೆ ಕೋಣೆಯನ್ನು ಒಪ್ಪಿಕೊಳ್ಳಬಾರದು. ತಲೆಯ ಮೇಲೆ ಈಜುಕೊಳವೋ ಅಡುಗೆಮನೆಯೋ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ, ಪಾತ್ರೆ ಬಡಿಯುವ ಸದ್ದು. ಕೆಳಗೆ ನಾಟ್ಯಮಂದಿರವಿದ್ದರೆ ನಡುರಾತ್ರಿಯವರೆಗೆ ಡೋಲಿನ ಸದ್ದು. ಮುಂತುದಿಯಲ್ಲಿದ್ದರೆ ಲಂಗರಿನ ಸರಪಳಿಯ ಸದ್ದು. ಮೇಲೂ ಕೆಳಗೂ ಮಲಗುವ ಕೋಣೆಗಳೇ ಇರುವ ಅಂತಸ್ತು ಉತ್ತಮ. ಕೆಲವು ಕಿಟಕಿಗಳ ಮುಂದೆ ಜೀವರಕ್ಷಕ ದೋಣಿಗಳು ತೂಗಾಡುತ್ತಿರುತ್ತವೆ. ಅಂಥ ಕೋಣೆಗಳ ಬೆಲೆ ಕಡಿಮೆ, ಕಾಣುವುದೂ ಕಡಿಮೆ. “ಯಾವುದಾದರೂ ಕೊಡಿ, ಸಂಖ್ಯೆಯನ್ನು ನೀವೇ ಗೊತ್ತುಮಾಡಿ” ಎಂದು ಹಡಗಿನವರಿಗೇ ಬಿಟ್ಟರೆ ಅಗ್ಗವಾಗುವುದು ನಿಜ. ಆದರೆ ಒಂದೇ ಮನೆಯವರು ಒಬ್ಬರು ಮುಂದೆ, ಒಬ್ಬರು ಹಿಂದೆ ಬೀಳಬಹುದು. ಹಿರಿಯರಿರುವ ಸಂಸಾರಕ್ಕೆ ಅದು ಸಲ್ಲದು. ಎಡಬದಿ, ಬಲಬದಿಗಳ ಚಿಂತೆ ಮಾತ್ರ ಬೇಡ. ಗೋವೆಗೆ ಹೋಗುವಾಗ ಕರಾವಳಿ ಎಡಕ್ಕಿದ್ದರೆ ಬರುವಾಗ ಬಲಕ್ಕಿರುತ್ತದೆ.

ಹಾಸಿಗೆಗಳ ವಿಷಯ ರೈಲಿನಂತೆಯೇ. ಎರಡು ಹಾಸಿಗೆ ಕೆಳಗೆ. ಮೂರನೆಯವರಿಗೂ ನಾಲ್ಕನೆಯವರಿಗೂ ಹೆಚ್ಚಾಗಿ ಗೋಡೆಯಿಂದ ಕೆಳಗಿಳಿಯುವ ಮೇಲಿನ ಬರ್ತು, ಅದಕ್ಕೊಂದು ಏಣಿ. ಮಕ್ಕಳಿಗೆ ಅದು ಆಟ, ಅಜ್ಜಿಗೆ ಶಿಕ್ಷೆ. ಸ್ನಾನದ ಮನೆ ಇಕ್ಕಟ್ಟಾದುದು. ಅನೇಕ ಹಡಗುಗಳಲ್ಲಿ ಅದಕ್ಕೆ ಎತ್ತರದ ಹೊಸ್ತಿಲಿರುತ್ತದೆ, ರಾತ್ರಿ ಎಡವದಂತೆ ಎಚ್ಚರ ಬೇಕು. ಬಕೀಟು, ತಂಬಿಗೆಗಳು ಸಿಗುವುದಿಲ್ಲ. ಷವರಿನ ನೀರಿನಲ್ಲಿ ನಿಂತೇ ಮೀಯಬೇಕು. ಮೊಣಕಾಲು ನೋವಿನವರು ಹೊಸ್ತಿಲಿಲ್ಲದ, ಹಿಡಿಕೆಗಳಿರುವ ಕೋಣೆಯನ್ನು ಮುಂಚಿತವಾಗಿ ಕೇಳಿ ಪಡೆಯಬಹುದು. ನಿತ್ಯಪೂಜೆ ಮಾಡುವವರು ತಿಳಿದಿರಬೇಕಾದದ್ದು: ಹಡಗಿನ ಕೋಣೆಯಲ್ಲಿ ದೀಪ, ಊದುಬತ್ತಿ, ಕರ್ಪೂರಗಳನ್ನು ಹಚ್ಚುವಂತಿಲ್ಲ. ಬೆಂಕಿಯೆಂದರೆ ಹಡಗಿಗೆ ಎಲ್ಲಕ್ಕಿಂತ ದೊಡ್ಡ ಭಯ. ಇಷ್ಟಲಿಂಗಪೂಜೆಗೆ ಅಂಗೈಯಷ್ಟು ಸ್ಥಳ, ನೀರು, ವಿಭೂತಿಗಳು ಸಾಕಾದುದರಿಂದ ಅದಕ್ಕೆ ಯಾವ ಕೋಣೆಯೂ ಅಡ್ಡಿಯಾಗದು.

ಈಗ ನಮ್ಮ ಓದುಗರ ಮನೆಗೆ ಬರೋಣ. ಆ ತಾಯಿಗೆ ಕಿಟಕಿ ಏಕೆ ಬೇಕು? ನಮ್ಮ ಹಳ್ಳಿಗಳ ಹಿರಿಯ ಹೆಣ್ಣುಮಕ್ಕಳು ಗಡಿಯಾರದಿಂದ ಏಳುವವರಲ್ಲ, ಬೆಳಕಿನಿಂದ ಏಳುವವರು. ಮೂಡಣ ಬಿಳುಪಾದಾಗ ಎದ್ದು ಅಂಗಳಕ್ಕೆ ನೀರು ಹಾಕಿ ಐವತ್ತು ವರ್ಷ ಕಳೆದವರನ್ನು, ದೀಪವಾರಿಸಿದರೆ ಹಗಲೂ ರಾತ್ರಿಯೂ ಒಂದೇ ಆಗುವ ಒಳಕೋಣೆಯಲ್ಲಿ ಮಲಗಿಸಿದರೆ, ನಿದ್ದೆಯಿಂದ ಎಚ್ಚೆತ್ತಾಗ ಎಲ್ಲಿದ್ದೇನೆಂಬುದೇ ತಿಳಿಯದೆ ಅವರು ಗಾಬರಿಯಾದಾರು. ದಿನವೆಲ್ಲ ಓಡಾಡಿ ದಣಿದ ಮಕ್ಕಳಿಗೂ ಅವರ ತಾಯಿತಂದೆಗೂ ಕತ್ತಲೆಯ ಕೋಣೆ ಒಳ್ಳೆಯ ನಿದ್ದೆಯನ್ನೇ ಕೊಡುತ್ತದೆ. ಕಿಟಕಿಯು ಕಿರಿಯರಿಗೆ ಸೊಗಸು, ಹಿರಿಯರಿಗೆ ಅಗತ್ಯ.

ಇನ್ನೊಂದು ಮಾತು ವಿಶೇಷವಾಗಿ ನಮ್ಮ ಗಡಿನಾಡಿನವರಿಗೆ ಸೇರಿದ್ದು. ನಮ್ಮ ಮಕ್ಕಳು ಮರಾಠಿ, ಹಿಂದಿ, ಇಂಗ್ಲಿಷುಗಳನ್ನು ಬಲ್ಲರು. ಅಕ್ಕಲಕೋಟೆಯ ಸುತ್ತಣ ಹಳ್ಳಿಗಳ ಎಷ್ಟೋ ತಾಯಂದಿರು ಕನ್ನಡವೊಂದನ್ನೇ ಬಲ್ಲರು. ರಾತ್ರಿ ಎದೆ ಹಿಡಿದಂತಾದರೆ ಕೋಣೆಯ ಫೋನನ್ನು ಎತ್ತಿ ಅವರು ಯಾರೊಡನೆ, ಏನೆಂದು ಹೇಳಿಯಾರು? ಇಬ್ಬರು ವೃದ್ಧರನ್ನೇ ಒಂದು ಕೋಣೆಯಲ್ಲಿ ಬಿಟ್ಟು ನಾಲ್ಕು ಅಂತಸ್ತು ಮೇಲೆ ಉಳಿದವರು ಮಲಗುವುದು ಈ ಕಾರಣಕ್ಕಾಗಿಯೇ ಯೋಗ್ಯವಲ್ಲ. ಹನ್ನೆರಡು ವರ್ಷದ ಮೊಮ್ಮಗಳು ಅವರ ಕೋಣೆಯಲ್ಲಿಯೇ ಇರಲಿ. ಮೇಲಿನ ಬರ್ತು ಅವಳಿಗೆ ಸಂತೋಷ, ಅವಳ ನಾಲಿಗೆ ಅಜ್ಜಿಗೆ ಬಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಬಾಲ್ಕನಿಯ ಆಸೆಯನ್ನು ಈ ಸಲಕ್ಕೆ ಬಿಡಿ. ಕೆಳ ಅಂತಸ್ತಿನ ನಡುಭಾಗದಲ್ಲಿ, ಲಿಫ್ಟಿಗೆ ಸಮೀಪವಾಗಿ, ಕಿಟಕಿಯ ಒಂದು ಕೋಣೆಯನ್ನು ಅಜ್ಜ, ಅಜ್ಜಿ, ಮೊಮ್ಮಗಳಿಗೆ ಹಿಡಿಯಿರಿ. ಅನೇಕ ಹಡಗುಗಳಲ್ಲಿ ಓಣಿಯ ಒಂದು ಬದಿಗೆ ಕಿಟಕಿಯ ಕೋಣೆಗಳು, ಎದುರು ಬದಿಗೆ ಒಳಕೋಣೆಗಳು ಇರುತ್ತವೆ. ಆ ಎದುರುಕೋಣೆಯನ್ನು ನೀವು, ನಿಮ್ಮ ಪತ್ನಿ, ಮಗ ಹಿಡಿಯಿರಿ. ನಾಲ್ಕು ಹೆಜ್ಜೆಯಲ್ಲಿ ಬಾಗಿಲು ತಟ್ಟಬಹುದು. ಹಗಲು ಎಲ್ಲರೂ ತಾಯಿಯ ಕಿಟಕಿಯ ಬಳಿಯೇ ಕೂಡಿ ಕೂರಬಹುದು.

ಹಣದ ಲೆಕ್ಕವನ್ನು ಜಾಗರೂಕತೆಯಿಂದ ಮಾಡಬೇಕು. ಜಾಹೀರಾತಿನ ದರವು ಸಾಮಾನ್ಯವಾಗಿ ಇಬ್ಬರು ಕೂಡಿ ಇರುವಾಗ ತಲಾ ಒಬ್ಬರಿಗೆ ಬೀಳುವ ದರ. ಮೂರನೆಯವರ ದರ ಹಲವು ಸಲ ಕಡಿಮೆ. ಕೋಣೆಯಲ್ಲಿ ಒಬ್ಬರೇ ಇದ್ದರೆ ಹೆಚ್ಚು. ಬಂದರು ಶುಲ್ಕ, ತೆರಿಗೆಗಳು ಬೇರೆ. ಅವೆಲ್ಲ ಸೇರಿ ಆರೂ ಜನರ ಒಟ್ಟು ಮೊತ್ತವೆಷ್ಟು, ಕೋಣೆಗಳ ಸಂಖ್ಯೆಗಳು ಯಾವುವು, ಯಾವ ಅಂತಸ್ತು, ಕಿಟಕಿಗೆ ಅಡ್ಡವೇನಾದರೂ ಇದೆಯೇ, ಪ್ರಯಾಣ ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬ ಐದು ಪ್ರಶ್ನೆಗಳಿಗೆ ಏಜೆಂಟರಿಂದ ಲಿಖಿತ ಉತ್ತರವನ್ನು ಪಡೆದ ಮೇಲೆಯೇ ಮುಂಗಡ ಕೊಡುವುದು ಜಾಣತನ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಖರ್ಚಿನ ವಿಷಯದಲ್ಲಿ ಅದು ಸರಿ. ಆದರೆ ನಮ್ಮ ಮನೆಗಳಲ್ಲಿ ಚಿಕ್ಕ ಹಾಸಿಗೆ ಯಾವಾಗಲೂ ತಾಯಿಯ ಪಾಲಿಗೇ ಬಂದಿದೆಯೆಂಬುದನ್ನೂ ಮರೆಯಬಾರದು. “ಎಲ್ಲಿ ಹಾಕಿದ್ರೂ ನಡೀತದ” ಎಂದು ಅವರು ಹೇಳುವುದು ಒಪ್ಪಿಗೆಯಲ್ಲ, ಜೀವಮಾನದ ರೂಢಿ. ಆ ಮಾತನ್ನು ಕೇಳಿಸಿಕೊಂಡವರು ಅದನ್ನೇ ಉತ್ತರವೆಂದು ತಿಳಿಯದೆ, ಬೆಳಕು ಬರುವ ಕೋಣೆಯ ಬೀಗದ ಕೈಯನ್ನು ಅವರ ಕೈಗೆ ಕೊಡಬೇಕು. ಡಿಸೆಂಬರಿನಲ್ಲಿ ಹೋಗಿ ಬಂದ ಮೇಲೆ, ಬೆಳಗಿನ ಜಾವ ಸಮುದ್ರವನ್ನು ಕಂಡು ಆ ತಾಯಿ ಏನೆಂದರೆಂಬುದನ್ನು ನಮಗೂ ಎರಡು ಸಾಲಿನಲ್ಲಿ ಬರೆದು ತಿಳಿಸಬೇಕೆಂದು ಓದುಗರಲ್ಲಿ ನಮ್ಮ ವಿನಂತಿ.